ಘಟ್ಟದಾಚೆಗೆ ಹೇಳಿದ ದರ

ತೋಡಾರು
ಫೆಬ್ರವರಿ 18, 2025, ಮಂಗಳವಾರ

ಪ್ರೀತಿಯ ಬಾಸಿತ್‌ಗೆ ರಾಫಿಯಾಳ ಸಲಾಂ.

ಹೇಗಿದ್ದೀರಿ? ಮೊಣಕಾಲಿನ ಬಾವು ಇಳಿಯಿತೇ? ಗೋದಾಮಿನಲ್ಲಿ ಈಗಲೂ ದಿನವಿಡೀ ನಿಂತೇ ಇರಬೇಕೇ, ಇಲ್ಲ ಆ ಸೂಪರ್‌ವೈಸರ್ ಒಂದು ಕುರ್ಚಿಯನ್ನಾದರೂ ಕೊಟ್ಟನೇ? ಹೋದ ವಾರ ವಿಡಿಯೋದಲ್ಲಿ ನೋಡಿದಾಗ ನಿಮ್ಮ ಕೆನ್ನೆ ಒಳಗೆ ಹೋಗಿತ್ತು. ಬೇರೆಯವರ ಅಡುಗೆಯ ಸರದಿ ಇರುವ ದಿನ ಉಪ್ಪು ಹೆಚ್ಚು, ಖಾರ ಕಡಿಮೆ ಎಂದು ಅರ್ಧ ಬಟ್ಟಲು ಉಂಡು ಏಳಬೇಡಿ. ಇಲ್ಲಿ ನಾನೂ ಉಝ್ಮಾಳೂ ಇದ್ದೇವೆ. ನಿಮ್ಮ ತಂಗಿ ಈಗ ನನ್ನ ಕೋಣೆಯಲ್ಲೇ ಮಲಗುತ್ತಾಳೆ. ತಾಯಿಯಿಲ್ಲದ ಮನೆ, ಉಮ್ಮನ ಕೋಣೆಯ ಬಾಗಿಲನ್ನು ಇಬ್ಬರೂ ತೆರೆಯುವುದಿಲ್ಲ, ಗುಡಿಸಲಿಕ್ಕೆ ಮಾತ್ರ ಒಬ್ಬರು ಹೋಗಿ ಬೇಗ ಹೊರಗೆ ಬರುತ್ತೇವೆ. ಹಿಂದಿನ ಮನೆಯ ಅಬ್ದುಲ್ ರವೂಫ್ ನಾಳೆ ಸೌದಿಗೆ, ನಿಮ್ಮ ಜುಬೈಲ್‌ಗೆ ಹೊರಡುತ್ತಿದ್ದಾರೆ. ಅವರ ಕೈಯಲ್ಲಿ ಮಾವಿನ ಮಿಡಿ ಉಪ್ಪಿನಕಾಯಿಯನ್ನೂ ಈ ಕಾಗದವನ್ನೂ ಕಳಿಸುತ್ತಿದ್ದೇನೆ. ಫೋನಿನಲ್ಲಿ ಹೇಳಬಾರದಿತ್ತೇ ಎಂದು ನೀವು ಕೇಳಬಹುದು. ನಿಮ್ಮ ಕೋಣೆಯಲ್ಲಿ ಯಾವಾಗಲೂ ನಾಲ್ಕು ಜನ ಇರುತ್ತಾರೆ. ನಾನು ಉಮ್ಮ ಎಂದ ಕೂಡಲೇ ನೀವು ಅಳುತ್ತೀರಿ, ನೀವು ಅತ್ತ ಕೂಡಲೇ ನಾನು ಬೇರೆ ಮಾತು ತೆಗೆಯುತ್ತೇನೆ. ನಮ್ಮ ಬ್ಯಾರಿ ಮಾತನ್ನು ಬರೆದು ನನಗೆ ರೂಢಿಯಿಲ್ಲ, ಶಾಲೆಯಲ್ಲಿ ಕಲಿತ ಕನ್ನಡದಲ್ಲೇ ಬರೆಯುತ್ತೇನೆ. ಒಬ್ಬರೇ ಇರುವಾಗ ಓದಿ.

ಉಮ್ಮ ಆಸ್ಪತ್ರೆಯ ಮಂಚದ ಮೇಲೆ ತೀರಿಕೊಂಡರು, ಬಾಯಿಗೆ ಮಕ್ಕಾದ ಝಂಝಂ ನೀರು ಬಿಟ್ಟೆವು, ಪಕ್ಕದಲ್ಲಿ ಕೂತು ಕುರ್‌ಆನಿನ ಯಾಸೀನ್ ಓದಿದೆವು ಎಂದು ನಿಮ್ಮ ಅಣ್ಣ ಫಯಾಝ್ ನಿಮಗೆ ಹೇಳಿದ್ದಾರೆ. ದೂರದಲ್ಲಿರುವ ತಮ್ಮನಿಗೆ ಸಮಾಧಾನವಾಗಲಿ ಎಂದು ಹೇಳಿದ್ದು. ಅದಕ್ಕೆ ನನ್ನ ಸಿಟ್ಟಿಲ್ಲ. ಆದರೆ ಹಾಗೆ ಆಗಲಿಲ್ಲ. ಅಲ್ಲಿ ಇದ್ದವಳು ನಾನು.

ನಾನು ಕ್ಯಾಮೆರಾ ಹಿಡಿದು ಮದುವೆಗಳಿಗೆ ಹೋಗಲು ಶುರು ಮಾಡಿದಾಗ ನೀವು ಒಂದೇ ಮಾತು ಹೇಳಿದ್ದಿರಿ, "ಒಬ್ಬಳೇ ಹೋಗ್ಬೇಡ" ಎಂದು. ನಮ್ಮ ಮದುವೆಗಳಲ್ಲಿ ಹೆಂಗಸರ ಕಡೆಗೆ ಗಂಡಸು ಫೋಟೋಗ್ರಾಫರ್ ಬರುವ ಹಾಗಿಲ್ಲ. ಹೆಣ್ಣುಮಗಳೊಬ್ಬಳು ಫೋಟೋ ತೆಗೆಯುತ್ತಾಳೆ ಎಂದು ಗೊತ್ತಾದ ಮೇಲೆ ಮೂಡುಬಿದಿರೆಯಿಂದ ಬಂಟ್ವಾಳದವರೆಗೂ ಜನ ಹುಡುಕಿಕೊಂಡು ಬಂದರು. ಆಗ ಉಮ್ಮ, "ನಾನು ಬರ್ತೇನೆ, ನನಗೆ ಮನೆಯಲ್ಲಿ ಎಂಥ ಕೆಲಸ ಉಂಟು?" ಎಂದು ಬುರ್ಖಾ ಹಾಕಿಕೊಂಡು ಹೊರಟೇಬಿಟ್ಟರು. ಚಿದಾನಂದಣ್ಣನ ಓಮ್ನಿಯಲ್ಲಿ ಮುಂದಿನ ಸೀಟು ಅವರದ್ದು. ಲೈಟಿನ ಕಂಬ ಹಿಡಿಯುವುದು, ಫ್ರೇಮಿನೊಳಗೆ ನುಗ್ಗುವ ಮಕ್ಕಳನ್ನು ಗದರಿಸುವುದು, ಅಳುವ ಮದುಮಗಳ ಮೂಗು ಒರೆಸುವುದು ಎಲ್ಲ ಅವರದೇ. ಎಷ್ಟು ದೂರ ಹೋಗಬೇಕು ಎಂದು ನಿಶ್ಚಯಿಸಿದ್ದೂ ಅವರೇ. ಬೇರೆ ಫೋಟೋಗ್ರಾಫರುಗಳು ಕಿಲೋಮೀಟರ್ ಲೆಕ್ಕದಲ್ಲಿ ದರ ಹೇಳುತ್ತಾರೆ. ಉಮ್ಮನ ಲೆಕ್ಕ ಬೇರೆ: ಊಟ ಮುಗಿಸಿ ಹೊರಟರೆ ಸಂಜೆಯ ಮಗ್ರಿಬ್ ಬಾಂಗ್ ಆಗುವ ಮುಂಚೆ ಮನೆ ಸೇರಬೇಕು. ಹಾಗೆ ನೋಡಿದರೆ ಬಂಟ್ವಾಳ ಆಗುತ್ತದೆ, ಬೆಳ್ತಂಗಡಿ ಆಗುತ್ತದೆ, ಮುಂಡಾಜೆ ಕಷ್ಟಪಟ್ಟು ಆಗುತ್ತದೆ. ಅಲ್ಲಿಗೆ ಮುಗಿಯಿತು. ಮೂಡುಬಿದಿರೆಯ ಸುತ್ತಮುತ್ತ ಗಾಡಿಯ ಖರ್ಚು ಕೇಳುತ್ತಿರಲಿಲ್ಲ, ಬಂಟ್ವಾಳ, ಬೆಳ್ತಂಗಡಿಗೆ ಪೆಟ್ರೋಲ್, ಮುಂಡಾಜೆಗೆ ಪೆಟ್ರೋಲಿನ ಜೊತೆ ಚಿದಾನಂದಣ್ಣನ ದಿನದ ಸಂಬಳ. ಅದರಾಚೆಗೆ ದರವೇ ಇರಲಿಲ್ಲ, ಯಾಕೆಂದರೆ ಹೋಗುತ್ತಿರಲಿಲ್ಲ.

ಡಿಸೆಂಬರಿನಲ್ಲಿ ಮುಂಡಾಜೆಯ ಮಿಸ್ರಿಯಾ ಎಂಬ ಹುಡುಗಿಯ ನಿಕಾಹ್ ಇತ್ತು. ಚಿಕ್ಕವಳಿರುವಾಗ ಕುದಿಯುವ ಎಣ್ಣೆ ಬಿದ್ದು ಅವಳ ಎಡ ಕೆನ್ನೆ, ಕುತ್ತಿಗೆ ಸುಟ್ಟುಹೋಗಿದೆ. ಅವಳು ಕ್ಯಾಮೆರಾಗೆ ಬಲಗಡೆ ಮಾತ್ರ ಕೊಡುತ್ತಿದ್ದಳು, ನಾನು ಎಡಕ್ಕೆ ಸರಿದರೆ ದುಪಟ್ಟ ಎಳೆದುಕೊಳ್ಳುತ್ತಿದ್ದಳು. ಉಮ್ಮ ಹೋಗಿ ಅವಳ ಗಲ್ಲ ಹಿಡಿದು, "ಈಚೆ ತಿರುಗು ಮಗಾ, ಯಾರಿಗೆ ಹೆದರ್ತಿ? ಕಟ್ಟಿಕೊಂಡವನು ನೋಡಿಯೇ ಒಪ್ಪಿದ್ದಲ್ಲವಾ?" ಎಂದರು. ಅವಳು ನಕ್ಕಳು. ಆ ನಗು ಇರುವ ಫೋಟೋವನ್ನು ಅವಳ ಮನೆಯವರು ದೊಡ್ಡದು ಮಾಡಿಸಿ ಹಾಕಿದ್ದಾರೆ. ಗಂಡಿನ ಮನೆ ಘಟ್ಟದ ಮೇಲೆ, ಕೊಟ್ಟಿಗೆಹಾರ ದಾಟಿ ಸ್ವಲ್ಪ ಒಳಗೆ. ಅಲ್ಲಿ ಜನವರಿಯಲ್ಲಿ ಔತಣ ಇಟ್ಟುಕೊಂಡಿದ್ದರು. ಅವಳ ತಾಯಿ ನಮ್ಮ ಮನೆಗೇ ಬಂದು, "ಬೇರೆಯವರ ಎದುರು ಅವಳು ಮುಖ ತೆರೆಯುವುದಿಲ್ಲ, ನೀವೇ ಬರಬೇಕು" ಎಂದರು. ನನಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಅವರಾಗಿಯೇ ಬೇಡ ಎನ್ನಲಿ ಎಂದು ಮಾಮೂಲಿಗಿಂತ ಮೂರು ಪಟ್ಟು ದರ ಹೇಳಿದೆ. ಹೇಳುವಾಗ ನನಗೇ ನಾಚಿಕೆಯಾಗಿತ್ತು. ಆ ಹೆಂಗಸು "ಆಗಲಿ" ಎಂದರು. ದರ ಹೇಳಿ ಜನರನ್ನು ದೂರ ಇಡಬಹುದು ಎಂದುಕೊಂಡಿದ್ದೆ, ನೋಡಿ. ಮಗಳಿಗಾಗಿ ಬಂದ ತಾಯಿ ಯಾವ ದರಕ್ಕೂ ಆಗಲಿ ಎನ್ನುತ್ತಾಳೆ. ಅವರು ಹೋದ ಮೇಲೆ ನಾನು ಬೇಸರದಲ್ಲಿ ಕೂತಿದ್ದಾಗ ಉಮ್ಮ, "ಹೋಗುವ. ಒಂದು ದಿನ ಮಗ್ರಿಬ್ ದಾರಿಯಲ್ಲಿ ಆದ್ರೆ ಏನೂ ಆಗುವುದಿಲ್ಲ. ಆ ಹುಡುಗಿ ಒಬ್ಬಳೇ ಆಗ್ತಾಳೆ" ಎಂದರು. ಅವರು ಘಟ್ಟ ಹತ್ತಿದವರೇ ಅಲ್ಲ, ಅದೂ ಒಂದು ಆಸೆ ಇತ್ತು.

ಅಂದು ಬೆಳಿಗ್ಗೆ ಎದೆಯ ಕೆಳಗೆ ಹಿಡಿದ ಹಾಗಾಗುತ್ತದೆ ಎಂದು ಜೀರಿಗೆ ಕಷಾಯ ಕುಡಿದರು. ಹೋಗುವುದು ಬೇಡ ಎಂದೆ. "ಗ್ಯಾಸ್ ಮಾರಾಯ್ತಿ, ನಿನ್ನೆಯ ಕಡಲೆ" ಎಂದು ಗಾಡಿ ಹತ್ತಿದರು. ಚಾರ್ಮಾಡಿಯಲ್ಲಿ ಕಿಟಕಿ ಇಳಿಸಿ, ಕೆಳಗಿನ ಕಣಿವೆ ನೋಡಿ, "ಬಾಸಿತ್ ಬಂದಾಗ ಒಮ್ಮೆ ಎಲ್ಲರೂ ಬರುವ" ಎಂದರು. ಗಂಡಿನ ಮನೆಯಲ್ಲಿ ಮಿಸ್ರಿಯಾ ಉಮ್ಮನ ಕೈ ಬಿಡಲಿಲ್ಲ. ಉಮ್ಮ ಪಕ್ಕದಲ್ಲಿ ನಿಂತಷ್ಟು ಹೊತ್ತೂ ಅವಳು ನೇರವಾಗಿ ಕ್ಯಾಮೆರಾ ನೋಡಿದಳು. ಮಧ್ಯಾಹ್ನದ ಹೊತ್ತಿಗೆ ಉಮ್ಮ ಲೈಟಿನ ಕಂಬ ಗೋಡೆಗೆ ಒರಗಿಸಿ ಕೂತರು. ಹಣೆಯಲ್ಲಿ ಬೆವರು. ನಾನು ಓಡಿ ಹೋದರೆ, "ನನ್ನನ್ನು ಎಂಥ ನೋಡುವುದು, ಆ ಕಡೆ ಹೆಂಗಸರು ನಿಂತಿದ್ದಾರೆ, ತೆಗಿ" ಎಂದರು. ನಾನು ತೆಗೆದೆ. ಎಷ್ಟು ಹೊತ್ತು ಎಂದು ಕೇಳಬೇಡಿ. ಉಮ್ಮ ಬಿರಿಯಾನಿ ಮುಟ್ಟಲಿಲ್ಲ ಎಂದು ಗೊತ್ತಾದ ಮೇಲೆಯೇ ಸಾಮಾನು ಕಟ್ಟಿದ್ದು. ಗಾಡಿಯ ಹತ್ತಿರ ಕರೆದುಕೊಂಡು ಬಂದಾಗ ಚಿದಾನಂದಣ್ಣ, "ಅಕ್ಕಾ, ಅವರ ಮುಖದ ಬಣ್ಣ ಸರಿ ಇಲ್ಲ. ಮೂಡಿಗೆರೆಗೆ ಹೋಗುವ, ಈ ಕಡೆಯೇ ಹತ್ತಿರ" ಎಂದರು. ಉಮ್ಮ ನನ್ನ ತೋಳು ಹಿಡಿದು, "ಗೊತ್ತಿಲ್ಲದ ಊರಿಗೆ ಬೇಡ, ಕೆಳಗೆ ಹೋಗುವ, ನಮ್ಮ ಕಡೆಗೆ" ಎಂದರು. ನಾನು ಕೆಳಗೆ ಎಂದೆ. ಉಜಿರೆಯಲ್ಲಿ ದೊಡ್ಡ ಆಸ್ಪತ್ರೆ ಉಂಟು, ಮುಕ್ಕಾಲು ಗಂಟೆಯಲ್ಲಿ ಸೇರುತ್ತೇವೆ ಎಂದು ಲೆಕ್ಕ ಹಾಕಿದೆ.

ಅರ್ಧ ಘಟ್ಟ ಇಳಿದಾಗ ಒಂದು ತಿರುವಿನಲ್ಲಿ ಲಾರಿಯೂ ಬಸ್ಸೂ ಎದುರುಬದುರು ಸಿಕ್ಕಿಹಾಕಿಕೊಂಡಿದ್ದವು. ನಮ್ಮ ಹಿಂದೆಯೂ ಗಾಡಿಗಳು ಬಂದು ನಿಂತವು. ತಿರುಗಿಸಲು ಜಾಗವಿಲ್ಲ, ಫೋನಿಗೆ ಸಿಗ್ನಲ್ ಇಲ್ಲ. ಚಿದಾನಂದಣ್ಣ ಇಳಿದು, "ಒಳಗೆ ಜೀವ ಉಂಟು ಮಾರಾಯ್ರೆ, ಸ್ವಲ್ಪ ಬಿಡಿ" ಎಂದು ಗಾಡಿಯಿಂದ ಗಾಡಿಗೆ ಕೂಗುತ್ತ ಓಡಿದರು. ನಾನು ಹಿಂದಿನ ಸೀಟಿನಲ್ಲಿ ಉಮ್ಮನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಿದ್ದೆ. "ಬಾಸಿತನಿಗೆ ಈಗ ಹೇಳ್ಬೇಡ, ಅವನು ಊಟ ಬಿಡ್ತಾನೆ" ಎಂದರು. ನೀರು ಕೇಳಿದರು. ನೀರಿನ ಬಾಟಲಿ ಖಾಲಿಯಾಗಿತ್ತು. ಗಾಡಿಯಲ್ಲಿ ಅರ್ಧ ಬಾಟಲಿ ಲಿಂಬೆ ಸೋಡಾ ಇತ್ತು, ಅದರಲ್ಲೇ ಸೆರಗಿನ ತುದಿ ಒದ್ದೆ ಮಾಡಿ ತುಟಿಗೆ ಮುಟ್ಟಿಸಿದೆ. ಅದೇ ನಿಮ್ಮ ಉಮ್ಮನ ಕೊನೆಯ ನೀರು, ಬಾಸಿತ್. ಝಂಝಂ ಅಲ್ಲ. ಕಲಿಮಾ ಕಿವಿಯಲ್ಲಿ ಹೇಳಿದೆ, ತುಟಿ ಆಡಿತು, ಪೂರ್ತಿಯಾಯಿತೋ ಇಲ್ಲವೋ ನನಗೆ ತಿಳಿಯದು. ಲಾರಿ ಹಿಂದಕ್ಕೆ ಸರಿದು ದಾರಿ ಬಿಟ್ಟಾಗ ಎಲ್ಲರೂ ಹಾರ್ನ್ ಹಾಕಲು ಶುರು ಮಾಡಿದರು. ಚಿದಾನಂದಣ್ಣ ಓಡಿ ಬಂದು ಬಾಗಿಲು ತೆಗೆದವರು ನನ್ನ ಮುಖ ನೋಡಿ ಚಪ್ಪಲಿ ಕಳಚಿ ರಸ್ತೆಯಲ್ಲೇ ನಿಂತುಬಿಟ್ಟರು. ಹಿಂದಿನವರು ಬೈಯುತ್ತಿದ್ದರು. ಉಜಿರೆಯ ಆಸ್ಪತ್ರೆಯವರು ಮಾಡಿದ್ದು, ಜೀವ ಹೋಗಿದೆ ಎಂದು ನೋಡಿ ಬರೆದುಕೊಟ್ಟದ್ದು ಅಷ್ಟೇ.

ದಫನ್ ಮುಗಿದ ಮೇಲೆ ಫಯಾಝ್ ಎಲ್ಲರ ಎದುರು, "ದುಡ್ಡಿನ ಆಸೆಗೆ ಉಮ್ಮನನ್ನು ಘಟ್ಟ ಹತ್ತಿಸಿದಳು" ಎಂದರು. ಉಝ್ಮಾ ಮಾತ್ರ, "ಉಮ್ಮನನ್ನು ಯಾರಾದರೂ ಹತ್ತಿಸಲಿಕ್ಕೆ ಆಗ್ತದಾ?" ಎಂದು ಕೇಳಿ ಬೈಸಿಕೊಂಡಳು. ಮೂಡಿಗೆರೆಗೆ ಹೋಗಿದ್ದರೆ ಉಳಿಯುತ್ತಿದ್ದರೋ ಏನೋ. ನನ್ನ ತಪ್ಪು ಎಂದು ಬರೆಯಲು ಕೂತರೆ ಕೈ ನಿಲ್ಲುತ್ತದೆ, ತಪ್ಪಲ್ಲ ಎಂದು ಬರೆಯಲು ಹೋದರೂ ನಿಲ್ಲುತ್ತದೆ. ನಡೆದದ್ದನ್ನು ಬರೆದಿದ್ದೇನೆ, ನೀವು ಮಗ, ನೀವೇ ನೋಡಿ. ಮಿಸ್ರಿಯಾಳ ತಾಯಿ ಕಣ್ಣು ಕೆಂಪು ಮಾಡಿಕೊಂಡು ಬಂದು ಹೇಳಿದ ದರ ಅಷ್ಟನ್ನೂ ಕೊಟ್ಟರು. ಮೂರರಲ್ಲಿ ಎರಡು ಪಾಲು ಹಿಂದೆ ಕೊಟ್ಟೆ. ಮಾಮೂಲಿ ದರ ಮಾತ್ರ ತೆಗೆದುಕೊಂಡೆ. ಅದನ್ನೂ ಬೇಡ ಎಂದಿದ್ದರೆ ಆ ಹುಡುಗಿ ಉಮ್ಮನ ಸಾವು ತನ್ನ ಮದುವೆಯ ಮೇಲೆ ಬಿತ್ತು ಎಂದುಕೊಳ್ಳುತ್ತಿದ್ದಳು. ಅವಳಿಗೆ ಆ ಕೆನ್ನೆಯ ಭಾರವೇ ಸಾಕು.

ಈಗಲೂ ಕರೆಗಳು ಬರುತ್ತವೆ. ಯಾರು ಕೇಳಿದರೂ ಮೊದಲೇ ಹೇಳುತ್ತೇನೆ: ಬಂಟ್ವಾಳ, ಬೆಳ್ತಂಗಡಿಗೆ ಪೆಟ್ರೋಲ್ ಮಾತ್ರ, ಉಜಿರೆಯಾಚೆಗೆ ಇಲ್ಲ, ಮುಂಡಾಜೆಗೂ ಇಲ್ಲ, ಎಷ್ಟು ಕೊಟ್ಟರೂ ಇಲ್ಲ. ಮೊನ್ನೆ ಒಬ್ಬರು, "ದರ ನೀವೇ ಹೇಳಿ" ಎಂದರು. ಇಲ್ಲ ಎಂಬ ಮಾತನ್ನು ಇಲ್ಲ ಎಂದೇ ಹೇಳಬೇಕು, ದರದಲ್ಲಿ ಹೇಳಬಾರದು ಎಂದು ಈಗ ನನಗೆ ಗೊತ್ತಿದೆ. ಫೋನ್ ಇಟ್ಟೆ.

ರಂಝಾನ್ ಹತ್ತಿರ ಬಂತು. ಅಲ್ಲಿ ನೋಂಬಿನ ಹೊತ್ತಿನಲ್ಲಿ ಬಿಸಿಲಿಗೆ ಹೋಗಬೇಡಿ, ಮೊಣಕಾಲಿಗೆ ಎಣ್ಣೆ ಹಚ್ಚಿ ಮಲಗಿ. ಉಝ್ಮಾ ಸಲಾಂ ಹೇಳಿದ್ದಾಳೆ, ಚಿದಾನಂದಣ್ಣ ನಿಮ್ಮನ್ನು ಕೇಳಿದೆನೆಂದು ತಿಳಿಸಲು ಹೇಳಿದ್ದಾರೆ. ಉಮ್ಮನಿಗಾಗಿ ದುಆ ಮಾಡುವಾಗ ನನ್ನ ಹೆಸರನ್ನೂ ಸೇರಿಸಿ. ಅಲ್ಲಾಹನು ನಿಮ್ಮನ್ನು ಕಾಯಲಿ.

ನಿಮ್ಮ
ರಾಫಿಯಾ

ಮರೆತ ಮಾತು: ರವೂಫರ ಮನೆಯವರು ಕಾಗದಕ್ಕೆ ಬಂದು ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಫಯಾಝ್ ಕ್ಯಾಮೆರಾವನ್ನು ತೆಗೆದುಕೊಂಡು ಹೋಗಿ ತಮ್ಮ ಅಂಗಡಿಯ ಕಪಾಟಿನಲ್ಲಿ ಬೀಗ ಹಾಕಿ ಇಟ್ಟಿದ್ದಾರೆ, ಮಾರುತ್ತಾರಂತೆ. ಈ ಆದಿತ್ಯವಾರ ಬಂಟ್ವಾಳದಲ್ಲಿ ಒಂದು ಮದುವೆಗೆ ಮಾತು ಕೊಟ್ಟಿದ್ದೇನೆ. ಶುಕ್ರವಾರ ಜುಮಾ ನಮಾಝ್ ಆದ ಮೇಲೆ ಅವರಿಗೆ ಫೋನ್ ಮಾಡಿ, ಅವಳ ಕ್ಯಾಮೆರಾ ಅವಳಿಗೆ ಕೊಡು ಎಂದು ಹೇಳಿ. ಇದನ್ನೆಲ್ಲ ಓದಿದ ಮೇಲೂ ನಿಮಗೆ ಅಣ್ಣನ ಮಾತೇ ಸರಿ ಎನಿಸಿದರೆ ಮಾಡಬೇಡಿ, ನನಗೆ ಅರ್ಥವಾಗುತ್ತದೆ. ಮೂಡುಬಿದಿರೆಯ ಸ್ಟುಡಿಯೋದಲ್ಲಿ ಒಂದು ದಿನಕ್ಕೆ ಕ್ಯಾಮೆರಾ ಬಾಡಿಗೆಗೆ ಕೊಡುತ್ತಾರೆ, ನಾನು ಹೋಗಿಯೇ ಹೋಗುತ್ತೇನೆ. ಆದರೂ ಫೋನ್ ಮಾಡಿ, ಬಾಸಿತ್.