ನಡುವಿನ ಸೀಟು

ರ‍್ಯಾಂಚಿನ ಮನೆ, ನೆಬ್ರಾಸ್ಕಾ
ಮಾರ್ಚ್ ೯, ಭಾನುವಾರ

ಪ್ರೀತಿಯ ಆರ್ಡಿತ್,

ಹೇಗಿದ್ದೀಯ? ಎಡಗಾಲು ಸ್ವಲ್ಪವಾದರೂ ಮಾತು ಕೇಳುತ್ತಿದೆಯೇ? ಒಮಾಹಾದ ಆಸ್ಪತ್ರೆಯ ಕಾಫಿ ಪಾತ್ರೆ ತೊಳೆದ ನೀರಿನಂತಿದೆ ಎಂದು ನರ್ಸಿನ ಮುಖಕ್ಕೇ ಹೇಳಿದೆಯಂತೆ. ಲಕ್ವ ನಿನ್ನ ನಾಲಿಗೆಯ ತಂಟೆಗೆ ಹೋಗಿಲ್ಲವೆಂದು ತಿಳಿದು ಸಮಾಧಾನವಾಯಿತು. ಇಲ್ಲಿ ಹಸುಗಳು ಒಂದರ ಹಿಂದೊಂದು ಕರು ಹಾಕುತ್ತಿವೆ, ಉಸಿರಾಡಲು ಬಿಡುವಿಲ್ಲ. ನಾನು ನಿನ್ನನ್ನು ನೋಡಲು ಬಾರದಿದ್ದಕ್ಕೆ ಅದು ಅರ್ಧ ಕಾರಣ. ಉಳಿದರ್ಧವನ್ನು ಬರೆಯಲು ಕೈ ಹಿಂಜರಿಯುತ್ತಿದೆ.

ಹಳೆಯ ಪಿಕಪ್ ಕೊನೆಗೂ ಕೈಕೊಟ್ಟಿತು. ಮಂಗಳವಾರ ನಿನ್ನ ತಮ್ಮ ಡೆಲ್ಬರ್ಟ್‌ನನ್ನು ಕರೆದುಕೊಂಡು ಪೇಟೆಗೆ ಹೋಗಿ ಹೊಸದನ್ನು ನೋಡಿದೆ. ಹುಲ್ಲಿನ ಸುರುಳಿ ಹೊರಬೇಕು, ದನ ತುಂಬಿದ ಟ್ರೇಲರ್ ಎಳೆಯಬೇಕು, ಹಾಗಾಗಿ ದೊಡ್ಡ ಗಾಡಿಯೇ ಬೇಕೆಂದು ಎಂಜಿನ್, ಸ್ಪ್ರಿಂಗು, ಕೊಕ್ಕೆ ಎಲ್ಲವನ್ನೂ ಬಗ್ಗಿ ಬಗ್ಗಿ ನೋಡಿದೆ. ಅಲ್ಲಿಯವರೆಗೆ ನಾನು ಸರಿಯಾಗಿಯೇ ಇದ್ದೆ. ಆಮೇಲೆ ಗಾಡಿ ಮಾರುವ ಹೆಂಗಸು ಒಳಗೆ ಕೂರಿಸಿದಳು. ಸೀಟು ಬೆನ್ನಿಗೆ ಶಾಖ ಕೊಡುತ್ತದೆ ಆರ್ಡಿತ್! ಬೇಸಿಗೆಯಲ್ಲಿ ತಂಪೂ ಮಾಡುತ್ತದಂತೆ. ಎರಡು ಸೀಟುಗಳ ನಡುವೆ ದೊಡ್ಡ ಪೆಟ್ಟಿಗೆ. ಲಸಿಕೆಯ ಬಾಟಲಿ, ಕೈಗವಸು, ಊಟದ ಡಬ್ಬಿ ಎಲ್ಲ ಹಿಡಿಸುತ್ತದೆ. ಹಿಂದೆ ಕ್ಯಾಮೆರಾ. ಟ್ರೇಲರನ್ನು ಕೊಕ್ಕೆಗೆ ಸಿಕ್ಕಿಸುವಾಗ ನೀನು ಹಿಂದೆ ನಿಂತು ಕೈಬೀಸಬೇಕಾಗಿಲ್ಲ. "ಇನ್ಮೇಲೆ ಎಡ ಯಾವುದು ಬಲ ಯಾವುದು ಅಂತ ಬೈಸ್ಕೊಳ್ಳೋದು ತಪ್ತು ಬಿಡು," ಎಂದು ನಾನು ನಕ್ಕೆ. ಎಲ್ಲವೂ ಇರಲಿ ಎಂದು ಸಹಿ ಹಾಕಲು ಪೆನ್ನು ಕೇಳಿದೆ.

ಡೆಲ್ಬರ್ಟ್ ನಗಲಿಲ್ಲ. ಬಾಗಿಲ ಬದಿಯ ತನ್ನ ಜಾಗದಲ್ಲಿ ಕೂತು ಆ ಪೆಟ್ಟಿಗೆಯ ಮುಚ್ಚಳ ತಟ್ಟಿದ. "ಭಾವ, ನಮ್ಮಕ್ಕ ಎಲ್ಲಿ ಕೂತ್ಕೋತಾಳೆ? ಇದರೊಳಗಾ?" ಅಂದ.

ಮದುವೆಯಾದಾಗಿನಿಂದ ಗಾಡಿಯ ಉದ್ದ ಸೀಟಿನಲ್ಲಿ ನೀನು ಕೂತದ್ದು ನಮ್ಮಿಬ್ಬರ ನಡುವೆ. ಇನ್ನೂ ಹೊಸ ಜೋಡಿ ಎಂದು ಯಾರಾದರೂ ರೇಗಿಸಿದರೆ, "ಪ್ರೀತಿಗಲ್ಲ ಕಣ್ರೀ, ಬಾಗ್ಲ ಹತ್ರ ಕೂತೋರು ಇಳಿದು ಗೇಟು ತೆಗೀಬೇಕಲ್ಲ, ಅದಕ್ಕೆ," ಎಂದು ನೀನು ಹೇಳುತ್ತಿದ್ದೆ. ಪಾಪ, ಡೆಲ್ಬರ್ಟ್ ಹಿಮದಲ್ಲಿ ಇಳಿದು ಹತ್ತಿಯೇ ಮುದುಕನಾದ. ಅದನ್ನೆಲ್ಲ ಮರೆತಿದ್ದೆ ಎಂದರೆ ಸುಳ್ಳಾಗುತ್ತದೆ. ನೀನು ಮನೆಗೆ ಮರಳುವುದು ಅನುಮಾನ ಎಂದು ಡಾಕ್ಟರು ಅಂದದ್ದನ್ನು ನನ್ನ ಮನಸ್ಸು ನನಗೇ ಗೊತ್ತಿಲ್ಲದೆ ಒಪ್ಪಿಕೊಂಡುಬಿಟ್ಟಿತ್ತು. ನೀನಿಲ್ಲದ ಗಾಡಿಯನ್ನು ಆರಿಸುತ್ತಿದ್ದೆ, ಅದೂ ನಗುನಗುತ್ತಾ. ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಆವತ್ತಿನಿಂದ ನಿನಗೆ ಫೋನು ಮಾಡುವ ಮುಖವೂ ಇಲ್ಲದೆ ಈ ಕಾಗದ ಬರೆಯುತ್ತಿದ್ದೇನೆ.

ಡೆಲ್ಬರ್ಟ್ ನೆನಪು ತಿಳಿಸಿದ್ದಾನೆ. ದೇವರು ನಿನ್ನನ್ನು ಚೆನ್ನಾಗಿಡಲಿ, ನನಗೆ ಬುದ್ಧಿ ಕೊಡಲಿ.

ನಿನ್ನ
ಹಾರ್ಲನ್

ತಾ.ಕ.: ಪೆನ್ನು ವಾಪಸು ಕೊಟ್ಟು, ಉದ್ದ ಸೀಟಿನ ಗಾಡಿಯನ್ನೇ ಬರೆಸಿದೆ. ಅದರಲ್ಲಿ ಶಾಖ ಬರುವುದಿಲ್ಲವಂತೆ, ಬೇಡ. ನಿನಗೆ ಹತ್ತಲು ಮೆಟ್ಟಿಲು, ಕೈಗೆ ಹಿಡಿಕೆ ಹಾಕಿಸಿದ್ದೇನೆ. ಕ್ಯಾಮೆರಾ ಮಾತ್ರ ಕಾನೂನಿನ ಪ್ರಕಾರ ಇರಲೇಬೇಕಂತೆ. ಅದಿದ್ದರೂ ನೀನು ಬೈಯಬಹುದು. ಇನ್ನೊಂದು ಮಾತು, ಡಾಕ್ಟರಿಗೂ ಹೇಳು: ನಡುವೆ ಕೂತರೆ ನಿನ್ನ ಸೋತ ಎಡಭಾಗ, ಎಡಗಡೆ ಸ್ಟೀರಿಂಗ್ ಹಿಡಿದಿರುವ ನನ್ನ ಕಡೆಗೇ ಇರುತ್ತದೆ. ವಾಲಿದರೆ ನನ್ನ ಮೇಲೇ ವಾಲುತ್ತೀ.