ಸ್ಕ್ಯಾನಿಂಗ್ ಕೋಣೆಯಲ್ಲಿ ಅಮ್ಮನ ಪಾದಗಳು

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕಾ,

ಅಮ್ಮನಿಗೆ ಬೆನ್ನುನೋವು ಎಂದು ಫೋನಿನಲ್ಲಿ ನಾನು ಹೇಳುತ್ತಾ ಬಂದದ್ದು ಸುಳ್ಳು. ಅವಳ ಎಡ ಸ್ತನದಲ್ಲಿ ಕ್ಯಾನ್ಸರ್ ಗಂಟಿದೆ. ನಿನ್ನ ಹೆರಿಗೆಯಾಗುವವರೆಗೆ ಬಾಯಿ ಬಿಡಬಾರದೆಂದು ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು. ಈಗ ಮಗು ಬಂದಾಯಿತು, ಇನ್ನು ನನ್ನಿಂದಾಗದು. ಬೈಯುವುದಿದ್ದರೆ ಪೂರ್ತಿ ಓದಿ ಬೈ.

ಮೊದಲು ಕೀಮೋ ಕೊಟ್ಟು ಗಂಟು ಕುಗ್ಗಿಸಿ ಆಮೇಲೆ ಆಪರೇಷನ್ ಎಂದಿದ್ದರು ಡಾಕ್ಟರು. ಎರಡು ಸಲ ಮದ್ದು ಏರಿಸಿದ ಮೇಲೂ ಅಮ್ಮನ ಕೈಗೆ ಗಂಟು ಹಾಗೇ ಸಿಗುತ್ತಿತ್ತು. ಕೂದಲು ಹೋಯಿತು, ಊಟ ಸೇರದಾಯಿತು. "ಸಾಕು ಕಣೇ, ಇನ್ನು ನಾನು ಅಲ್ಲಿಗೆ ಬರಲ್ಲ" ಎಂದುಬಿಟ್ಟಳು. ಎಂಆರ್‌ಐ ಸ್ಕ್ಯಾನ್ ಇನ್ನೊಮ್ಮೆ ಮಾಡೋಣ, ಮದ್ದು ನಾಟುತ್ತದೋ ಇಲ್ಲವೋ ಸುಳಿವು ಸಿಗುತ್ತದೆ, ನೋಡಿ ತೀರ್ಮಾನಿಸಿ ಎಂದು ಡಾಕ್ಟರು ಒಪ್ಪಿಸಿದರು.

ಕೀಮೋಗೆ ಮುಂಚಿನ ಸ್ಕ್ಯಾನಿನಲ್ಲಿ ಅಮ್ಮ ಹೆದರಿ ಕೊರಡಿನಂತೆ ಮಲಗಿದ್ದಳಂತೆ. ಈ ಸಲ ಸದ್ದು ಪರಿಚಯವಾಗಿತ್ತು. ಬೋರಲು ಮಲಗಿಸಿ ಸುರಂಗದೊಳಕ್ಕೆ ಕಳಿಸಿದರು. ಯಂತ್ರ ಕಟಕಟ ಎಂದದ್ದೇ ತಡ, ಚಿತ್ರವೆಲ್ಲ ಅಲುಗಾಡಿ ಮಸುಕಾಯಿತು. ಮತ್ತೆ ಮಾಡಿದರೂ ಅದೇ. ಮದುವೆಗೆ ಮುಂಚಿನಿಂದ ಹೊಲಿಗೆ ಯಂತ್ರ ತುಳಿದ ಪಾದಗಳಲ್ಲವೇ, ಆ ಸದ್ದಿಗೆ ತಾವಾಗಿಯೇ ತುಳಿಯತೊಡಗಿದ್ದವು! "ಅಮ್ಮಾ, ಒಳಗೆ ಯಾರ ಬಟ್ಟೆ ಹೊಲೀತಿದ್ದೀರಿ?" ಎಂದಳು ಸ್ಕ್ಯಾನ್ ಮಾಡುವ ಹುಡುಗಿ, ಮೈಕಿನಲ್ಲಿ. "ನಿನ್ನದೇ ಅಂದ್ಕೋ, ಅಳತೆ ಕೊಡು" ಎಂದಳು ಅಮ್ಮ.

ನನ್ನ ಮೈಮೇಲಿನ ಲೋಹವನ್ನೆಲ್ಲ ತೆಗೆಸಿ, ಕಿವಿ ಮುಚ್ಚಿಸಿ, ಅವಳ ಕಾಲ ಬಳಿ ಕೂರಿಸಿದರು. ಒಂದು ಪಾಠ ಮುಗಿಯುವಷ್ಟು ಹೊತ್ತೂ ಬೆಂಚಿನಲ್ಲಿ ಕೂರಲಾಗದೆ ಶಾಲೆಯನ್ನೇ ಬಿಟ್ಟವಳು ನಾನು. ಅಂದು ಅಮ್ಮನ ಪಾದಗಳನ್ನು ಹಿಡಿದು, ಉಸಿರನ್ನೂ ಮೆಲ್ಲಗೆ ಬಿಡುತ್ತಾ ಕೂತೆ.

ಡಾಕ್ಟರು ಎರಡೂ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ತೋರಿಸಿದರು. ನರಕ್ಕೆ ಚುಚ್ಚಿದ ದ್ರವ ರಕ್ತದ ಜೊತೆ ನುಗ್ಗಿ, ಹಳೆಯದರಲ್ಲಿ ಗಂಟು ಬಲ್ಬಿನಂತೆ ಬೆಳಗಿತ್ತು. ಹೊಸದರಲ್ಲಿ ಗಾತ್ರ ಹೆಚ್ಚುಕಡಿಮೆ ಅಷ್ಟೇ. ಬೆಳಕು ಮಾತ್ರ ಮಂಕಾಗಿ, ನಡುವೆ ಕತ್ತಲು. "ಗಂಟಿಗೆ ರಕ್ತ ಕಡಿಮೆ ಹೋಗ್ತಿದೆ. ಕೈಗೆ ಗೊತ್ತಾಗೋ ಮೊದಲೇ ಇಲ್ಲಿ ಕಾಣತ್ತೆ. ಗ್ಯಾರಂಟಿ ಕೊಡಲ್ಲ, ಆದ್ರೆ ಒಳ್ಳೇ ಲಕ್ಷಣ" ಎಂದರು.

ಅಕ್ಕಾ, ನೋಡು: ಕತ್ತರಿ ಇಲ್ಲ, ಗಾಯ ಇಲ್ಲ. ನಮ್ಮಿಬ್ಬರಿಗೂ ಹಾಲೂಡಿಸಿದ ಜಾಗದೊಳಕ್ಕೆ ಆ ಯಂತ್ರದ ಅಯಸ್ಕಾಂತ ಇಣುಕಿ, ಇನ್ನೂ ಆಗಬೇಕಾದುದರ ಸುದ್ದಿ ತಂದಿತ್ತು. ಅಮ್ಮ ಕಣ್ಣು ಕಿರಿದಾಗಿಸಿ ಬಹಳ ಹೊತ್ತು ನೋಡಿದಳು. "ಹೊಲಿಗೆ ಬಿಚ್ಕೊಳ್ತಿದೆ. ಸರಿ, ಪೂರ್ತಿ ಬಿಚ್ಚೋಣ" ಎಂದಳು.

ಗುಣವಾಗಿಯೇ ತೀರುತ್ತದೆ ಎಂದು ನಾನು ಬರೆಯಲಾರೆ. ಹಾಗೆಂದು ಯಾರೂ ಹೇಳಿಲ್ಲ.

ನಿನ್ನ ತಂಗಿ,
ಬುಗುರಿ

ಮರೆತಿದ್ದೆ: ಮಗುವಿಗೆ ಕಳಿಸಿದ ಅಂಗಿ ಅಮ್ಮ ಹೊಲಿದದ್ದಲ್ಲ. ಮದ್ದಿಗೆ ಅವಳ ಬೆರಳುಗಳು ಜೋಮುಗಟ್ಟಿ ಸೂಜಿ ನಿಲ್ಲುತ್ತಿಲ್ಲ. ಅವಳು ಹೇಳಿಕೊಟ್ಟಳು, ನಾನು ಹೊಲಿದೆ, ಎಡತೋಳು ಸೊಟ್ಟಗಾಯಿತು. ಮುಂದಿನ ಮದ್ದಿಗೆ ನಾಳೆ ಬೆಳಗ್ಗೆ ಹೊರಡುತ್ತೇವೆ.