ಚಂದಕ್ಕೊಂದು ಸಹಿ

ನಿಗಡಿ, ಪುಣೆ

ಅಕ್ಕನಿಗೆ ನಮಸ್ಕಾರ. ಮಗಳು ರಂಜನಾಳ ಮನೆಗೆ ಸುಖವಾಗಿ ಬಂದು ಸೇರಿದ್ದೇನೆ. ಎದುರಿನ ಮೂವತ್ತು ಅಂತಸ್ತಿನ ಕಟ್ಟಡದ ನೆತ್ತಿಯ ಮೇಲೆ ಒಂದು ಕಂಪನಿಯವರು ತಮ್ಮ ಹೆಸರಿನ ದೀಪದ ಬೋರ್ಡು ಕೂರಿಸಿದ್ದಾರೆ. ಸಂಜೆಯಾದರೆ ಅದರ ಬೆಳಕಿಗೆ ನಮ್ಮ ತಟ್ಟೆಯ ಅನ್ನವೂ ಕೆಂಪಗೆ ಕಾಣುತ್ತದೆ.

ನಿನ್ನೆ ಆ ಕಂಪನಿಯವನೊಬ್ಬ ಪೇಢೆ ಹಂಚುತ್ತ ಬಂದ. ವಿಜಯಪುರದ ಕಡೆಯ ಹುಡುಗ. "ಈ ಬೋರ್ಡಿನಿಂದ ಊರಿನ ಚಂದ ಹೆಚ್ಚಾಗ್ಯದ ಅಂತ ಸಹಿ ಮಾಡ್ರಿ, ಕಾಕಾ" ಎಂದ. ರಂಜನಾ ಆಗಲೇ ಪೆನ್ನು ಹಿಡಿದಿದ್ದಳು.

"ಚಂದ ಇದ್ರ ಎಲ್ಲಾರಿಗೂ ಕಾಣ್ತದ. ಅದಕ್ಕ ನನ್ನ ಸಹಿ ಯಾಕ ಬೇಕಪಾ?" ಎಂದೆ. ಅವನು ಇನ್ನೊಂದು ಪೇಢೆ ಮುಂದೆ ಹಿಡಿದ. ನನಗೆ ಅನುಮಾನ ಬಂದು ಆ ಮರಾಠಿ ಕಾಗದವನ್ನು ಪೂರ್ತಿ ಓದಿದೆ. ನಮ್ಮ ಕಟ್ಟಡದ ಮೇಲೂ ಅಂಥದ್ದೇ ಬೋರ್ಡು ಹಾಕಲು ಒಪ್ಪಿದ್ದೇವೆ ಎಂದು ಕೊನೆಯಲ್ಲಿ ಸಣ್ಣ ಅಕ್ಷರದಲ್ಲಿ ಬರೆದಿತ್ತು. ಅದನ್ನು ನನ್ನ ಬಾಯಿಂದ ಕೇಳಿದ ರಂಜನಾ ಪೆನ್ನು ಕೆಳಗಿಟ್ಟು, ಚಪ್ಪಲಿ ಮೆಟ್ಟಿ, ಅವನಿಗಿಂತ ಮೊದಲೇ ಕೆಳಗಿನ ಮನೆಗಳ ಕದ ತಟ್ಟಲು ಹೋದಳು. ಹದಿನೆಂಟು ಮನೆಯವರು ಸಹಿ ಹಾಕಲಿಲ್ಲ.

ನನ್ನ ಮಂಡಿನೋವು ಕಡಿಮೆಯಾಗಿದೆ, ಮಾತ್ರೆಗಳೂ ಇವೆ. ಆದರೆ ಆ ಹುಡುಗ ನಾನಿಲ್ಲದ ದಿನ ನೋಡಿ ಮತ್ತೆ ಬರುತ್ತಾನೆಂದೇ ನನ್ನ ಅನುಮಾನ. ಅದಕ್ಕೇ ಸೋಮವಾರ ಊರಿಗೆ ಮರಳುವ ಟಿಕೆಟ್ ರದ್ದು ಮಾಡಿಸಿದೆ. ಕಾರ್ಡಿನಲ್ಲಿ ಜಾಗ ಮುಗಿಯಿತು.

ತಮ್ಮ ಈರಬಸಪ್ಪ